ಬಿಳಿ ಹೂ ಬಿಟ್ಟ ತುಂಬೆಯ ಅಪರಾಧ

ನಮ್ಮ ಬಡಾವಣೆಯ ತುಂಬೆ ಗಿಡಗಳನ್ನು ನಿರ್ನಾಮ ಮಾಡಿದವರು ನಮ್ಮದೇ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು. ಇದನ್ನು ನಾನು ಸುತ್ತಿ ಬಳಸಿ ಹೇಳಲಾರೆ. ಕಾರ್ತೀಕ ಮಾಸದ ಒಂದು ಭಾನುವಾರ, ಹಾಡಹಗಲಲ್ಲಿ, ಕೈಗವಸು ತೊಟ್ಟು, ಬ್ಯಾನರ್ ಕಟ್ಟಿ, ಫೋಟೊ ತೆಗೆಸಿಕೊಂಡು ಅವರು ಈ ಕೆಲಸ ಮಾಡಿದ್ದಾರೆ. ಸಾಕ್ಷಿ ಹುಡುಕಿಕೊಂಡು ನಾನು ಅಲೆಯಬೇಕಾಗಿಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದು ಸಾಲಾಗಿ ನಿಂತು ನಗುತ್ತಿದೆ.

ಅವರ ಉದ್ದೇಶ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಕೆಟ್ಟದ್ದಾಗಿದ್ದರೆ ಜಗಳ ಎಷ್ಟೋ ಸಲೀಸಾಗುತ್ತಿತ್ತು. ಅವರು ಹೊರಟದ್ದು ಪಾರ್ಥೇನಿಯಂ ಕೀಳಲು. ಮೈಗೆ ಸೋಕಿದರೆ ತುರಿಕೆ, ಮೂಗಿಗೆ ಸೋಕಿದರೆ ಸೀನು ತರಿಸುವ ಆ ಕಳೆಯ ಮೇಲೆ ನನಗೂ ಪ್ರೀತಿಯಿಲ್ಲ. ಆದರೆ ಅಧ್ಯಕ್ಷರು ಅಂದು ಸದಸ್ಯರಿಗೆ ಕೊಟ್ಟ ಲಕ್ಷಣ ಒಂದೇ: ಬಿಳಿ ಹೂ ಬಿಟ್ಟದ್ದನ್ನೆಲ್ಲ ಕೀಳಿ. ಸಸ್ಯಶಾಸ್ತ್ರದ ಇತಿಹಾಸದಲ್ಲಿ ಇಷ್ಟು ಸಂಕ್ಷಿಪ್ತವಾದ ವರ್ಗೀಕರಣ ಇನ್ನೊಂದಿರಲಾರದು. ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಪಾರ್ಥೇನಿಯಂ ಇದ್ದದ್ದು ಒಂದು ಮೂಲೆಯಲ್ಲಿ, ಉಳಿದದ್ದೆಲ್ಲ ತುಂಬೆ. ಸಂಜೆಯ ಹೊತ್ತಿಗೆ ಎರಡೂ ಒಂದೇ ಗುಡ್ಡೆಯಾಗಿ ಬಾಡಿ ಬಿದ್ದಿದ್ದವು.

ತುಂಬೆಗಾಗಿ ಇಷ್ಟು ಸಿಟ್ಟೇ ಎಂದು ನೀವು ಕೇಳಬಹುದು. ನಾನು ಅರಕಲಗೂಡಿನಲ್ಲಿ ದೊಡ್ಡವ್ವನ ಜೊತೆ ಇದ್ದೇನೆ. ಹಾಸನದ ಕಾಲೇಜೊಂದಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಸಸ್ಯಶಾಸ್ತ್ರ ಪಾಠ ಮಾಡಿ ಬರುತ್ತೇನೆ. ಈ ವರ್ಷ ದೊಡ್ಡವ್ವನ ಕಣ್ಣಿನ ಪೊರೆ ತೆಗೆಸಿದೆವು. ಪಟ್ಟಿ ಬಿಚ್ಚುವ ಮೊದಲೇ ಆಕೆ ಹರಕೆ ಹೊತ್ತಿದ್ದಳು: ನೋಟ ಬಂದರೆ ಕಾರ್ತೀಕದ ಸೋಮವಾರಗಳಂದೆಲ್ಲ ಶಿವನಿಗೆ ತುಂಬೆ ಹೂ, ತಾನೇ ಕಂಡು, ತನ್ನ ಕೈಯಾರೆ ಬಿಡಿಸಿದ್ದು, ಕೊಂಡದ್ದಲ್ಲ, ಬೇರೆಯವರು ತಂದದ್ದೂ ಅಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಹೂವನ್ನು ಬಿಡಿಸುವುದೇ ಕಣ್ಣು ಬಂದುದಕ್ಕೆ ಪುರಾವೆ ಎಂದು ಆಕೆಗೆ ಹೊಳೆದದ್ದು ನನ್ನನ್ನು ಬೆರಗುಗೊಳಿಸಿತ್ತು. ಯಾವ ನೇತ್ರತಜ್ಞರ ಅಕ್ಷರಫಲಕವೂ ಇದಕ್ಕಿಂತ ಕಠಿಣವಲ್ಲ. ಮೊದಲ ಸೋಮವಾರಗಳು ನಿರ್ವಿಘ್ನವಾಗಿ ನಡೆದವು. ಆ ಭಾನುವಾರದ ಮರುದಿನ ಬೆಳಿಗ್ಗೆ ಆಕೆ ತಾಮ್ರದ ತಟ್ಟೆ ಹಿಡಿದು ಹೋದವಳು ಬರಿ ತಟ್ಟೆಯೊಂದಿಗೆ ಹಿಂತಿರುಗಿ, ಜಗಲಿಯ ಮೇಲೆ ಕುಳಿತು ಒಂದೇ ಮಾತು ಹೇಳಿದಳು.

“ಕಣ್ಣು ಬಂತು ಕಣವ್ವ, ಊವು ಓಯ್ತು.”

ಆ ಮಾತು ಕೇಳಿಯೂ ಸುಮ್ಮನಿರುವಷ್ಟು ಸಂಯಮವನ್ನು ನನಗೆ ವಿಶ್ವವಿದ್ಯಾನಿಲಯ ಕಲಿಸಲಿಲ್ಲ. ಕಲಿಸಿದ್ದು ತುಂಬೆಯನ್ನು ಗುರುತಿಸುವುದನ್ನು. ಅದಕ್ಕೆ ಕಣ್ಣಿಗಿಂತ ಬೆರಳು ಹೆಚ್ಚು ನಂಬಿಕಸ್ಥ. ದಂಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಹೊರಳಿಸಿ ನೋಡಿ: ಊದುಕಡ್ಡಿಯಂತೆ ಸಲೀಸಾಗಿ ತಿರುಗುವುದಿಲ್ಲ, ಅಂಚು ಅಂಚಿಗೂ ತಡೆದು ನಿಲ್ಲುತ್ತದೆ. ಈ ಚೌಕ ದಂಟು ಪುದೀನಾ ಕುಟುಂಬದ ಮನೆತನದ ಗುರುತು. ಎಲೆಗಳು ಎದುರುಬದುರು ಜೋಡಿ. ಒಂದು ಜೋಡಿ ಪೂರ್ವ ಪಶ್ಚಿಮಕ್ಕೆ ಕೈಚಾಚಿದರೆ ಅದರ ಮೇಲಿನದು ಉತ್ತರ ದಕ್ಷಿಣಕ್ಕೆ. ಹೂವೋ, ಗೆಣ್ಣಿನ ಸುತ್ತ ಕುಳಿತ ಹಸಿರು ಚೆಂಡಿನಿಂದ ಇಣುಕುವ ತುಟಿ. ಮೇಲ್ದುಟಿ ಕಿರಿದು, ಕೆಳದುಟಿ ಅಗಲ, ಏನೋ ಹೇಳಹೊರಟು ಸುಮ್ಮನಾದವರ ಬಾಯಿಯ ಹಾಗೆ. ಪಾರ್ಥೇನಿಯಂನ ಎಲೆ ಕ್ಯಾರೆಟ್ ಸೊಪ್ಪಿನಂತೆ ಚೂರುಚೂರು. ಹೂ ಅಕ್ಕಿನುಚ್ಚು ಚೆಲ್ಲಿದಂತೆ. ಎರಡಕ್ಕೂ ಸಮಾನವಾದದ್ದು ಬಿಳಿ ಬಣ್ಣ, ಮತ್ತು ಯಾರೂ ನೆಡದ ಜಾಗದಲ್ಲಿ ಹುಟ್ಟಿಕೊಳ್ಳುವ ಧೈರ್ಯ.

ಇಷ್ಟನ್ನೂ ಆ ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡವ್ವನಿಗೆ ಒಪ್ಪಿಸಿದೆ. ಸಮಾಧಾನ ಹೇಳಬೇಕಾದ ಹೊತ್ತಿನಲ್ಲಿ ಪಾಠ ಹೇಳುವುದು ನನ್ನ ವೃತ್ತಿಯ ರೋಗ. ತುಳಸಿ, ದೊಡ್ಡಪತ್ರೆ, ಕಾಮಕಸ್ತೂರಿ, ತುಂಬೆ, ಎಲ್ಲವೂ ಒಂದೇ ಕುಟುಂಬ ಎಂದಾಗ ಆಕೆ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ನನ್ನನ್ನು ದಿಟ್ಟಿಸಿದಳು.

“ತುಳ್ಸಿ ವಿಷ್ಣೂದು, ತುಂಬೆ ಶಿವಂದು. ಇಬ್ರೂ ಒಂದೇ ಮನೆಯೋರು ಅಂತೀಯಾ?”

ಹೌದು ಎಂದೆ.

“ಅಂಗಾರೆ ದಾಯಾದಿಗಳು ಅನ್ನು. ಅದ್ಕೇ ಒಬ್ರ ಊವು ಇನ್ನೊಬ್ರಿಗೆ ಆಗಾಕಿಲ್ಲ.”

ಶತಮಾನಗಳ ಮತಜಗಳವನ್ನು ಆಸ್ತಿ ವಿಭಾಗಕ್ಕೆ ಇಳಿಸಿದ ಈ ತೀರ್ಪಿನಿಂದ ಆಕೆಗೇ ನಗು ಬಂತು. ಅಂದು ಬೆಳಗಿನಿಂದ ಆಕೆ ನಕ್ಕದ್ದು ಅದೇ ಮೊದಲು.

ಮರುದಿನ ನಾನು ಗುಡ್ಡೆಯಿಂದ ಬಾಡಿದ ಗಿಡಗಳನ್ನು ಆರಿಸಿಕೊಂಡು ಸಂಘದ ಅಧ್ಯಕ್ಷರ ಮನೆಗೆ ನಡೆದೆ. ರುದ್ರಪ್ಪನವರು ನಿವೃತ್ತ ಮೇಷ್ಟ್ರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಪಂಚಾಕ್ಷರಿ. ಶಿವನ ಹೂವನ್ನು ಶಿವಭಕ್ತರ ನೇತೃತ್ವದಲ್ಲೇ ಕಿತ್ತದ್ದೆಂಬ ವಾಕ್ಯವನ್ನು ದಾರಿಯುದ್ದಕ್ಕೂ ಹರಿತ ಮಾಡಿಕೊಂಡಿದ್ದೆ. ದೊಡ್ಡವ್ವನ ಹರಕೆಯನ್ನು ತಿಳಿಸಿ, ಅದನ್ನು ಪ್ರಯೋಗಿಸಿದೆ. ಅವರು ಕನ್ನಡಕ ಏರಿಸಿ ನನ್ನ ಸಾಕ್ಷ್ಯವನ್ನು ನೋಡಿ, ಒಣಗಿದ ಮೇಲೆ ಎಲ್ಲವೂ ಕಸವೇ, ಇದರಲ್ಲಿ ಯಾವುದು ಯಾವುದೆಂದು ಯಾರು ಹೇಳಬಲ್ಲರು ಎಂದರು. ನಾನು ತುಂಬೆಯದೊಂದು, ಪಾರ್ಥೇನಿಯಂನದೊಂದು ದಂಟನ್ನು ಅವರ ಕೈಗಿತ್ತು, ಕಣ್ಣು ಮುಚ್ಚಿ ಹೊರಳಿಸಿ ನೋಡಿ ಎಂದೆ. ಗಿಡ ಬಾಡಿದರೂ ಅದರ ಚೌಕ ಬಾಡುವುದಿಲ್ಲ. ಅವರು ಒಂದನ್ನು ಹೊರಳಿಸಿದರು, ಇನ್ನೊಂದನ್ನು ಹೊರಳಿಸಿದರು, ಮತ್ತೆ ಮೊದಲನೆಯದಕ್ಕೆ ಬಂದರು. ಕಣ್ಣು ತೆರೆದಾಗ ಅವರ ದನಿ ತಗ್ಗಿತ್ತು.

“ಬಿಳೀ ಹೂ ಬಿಟ್ಟಿದ್ದೆಲ್ಲ ಕೀಳಿ ಅಂತ ಹೇಳ್ದೋನು ನಾನೇ ಕಣಮ್ಮ. ನಿನ್ ದೊಡ್ಡವ್ವಂಗೆ ಏನಂತ ಹೇಳ್ಲಿ?”

ನನ್ನ ಹರಿತ ವಾಕ್ಯಗಳಲ್ಲಿ ಇನ್ನೂ ಕೆಲವು ಉಳಿದಿದ್ದವು. ಬಳಸಲು ಮನಸ್ಸು ಬರಲಿಲ್ಲ.

ಕಾರ್ತೀಕದ ಕೊನೆಯ ಸೋಮವಾರ ಬೆಳಿಗ್ಗೆ ಅವರೇ ಆಟೊ ತಂದು ನಿಲ್ಲಿಸಿದರು. ಮಲ್ಲಿಪಟ್ಟಣದ ಕಡೆ ಅವರದೊಂದು ರಾಗಿ ಹೊಲ; ಅದರ ಬದುವಿನ ಮೇಲೆ ತುಂಬೆ ಮೊಣಕಾಲೆತ್ತರ ನಿಂತಿತ್ತು, ಇಬ್ಬನಿ ಇನ್ನೂ ಆರಿರಲಿಲ್ಲ. ದೊಡ್ಡವ್ವ ಬದುವಿನ ಮೇಲೆ ಕುಳಿತು ಚೆಂಡಿನಿಂದ ಒಂದೊಂದೇ ಹೂವನ್ನು ಉಗುರು ತಾಗಿಸದೆ ಸೆಳೆದು ತಟ್ಟೆಗೆ ಹಾಕತೊಡಗಿದಳು. ಮೇಷ್ಟ್ರು ಮುಂದೆ ಮುಂದೆ ನಡೆದು, ಪ್ರತಿ ಗಿಡದ ದಂಟನ್ನೂ ಕಣ್ಣು ಮುಚ್ಚಿ ಹೊರಳಿಸಿ, ಇದು ತುಂಬೆಯೇ ಎಂದು ಘೋಷಿಸುತ್ತಿದ್ದರು. ದೊಡ್ಡವ್ವ ಸ್ವಲ್ಪ ಹೊತ್ತು ಸಹಿಸಿದಳು.

“ಮೇಷ್ಟ್ರೇ, ಕಣ್ಣು ಬುಟ್ಟು ನೋಡಿ. ಆಪ್ರೇಸನ್ ಆಗಿರೋದು ನಂಗೆ.”

ತಪ್ಪಿದ ಸೋಮವಾರದ ಪಾಲೂ ಸೇರಿ ಹರಕೆ ತೀರಿತು. ಆದರೆ ಪ್ರಕರಣ ಮುಗಿಯಲಿಲ್ಲ. ಸೋನೆ ಮಳೆ ಬಿದ್ದ ಮೇಲೆ ನಮ್ಮ ಪಕ್ಕದ ನಿವೇಶನದಲ್ಲಿ ಮೊಳಕೆಗಳೆದ್ದವು. ಮೊದಲು ಬಂದದ್ದು ಪಾರ್ಥೇನಿಯಂ. ತುಂಬೆ ಹಿಡಿದು ನಿಂತಿದ್ದ ನೆಲವನ್ನು ಸಂಘವೇ ಅದಕ್ಕೆ ತೆರವು ಮಾಡಿಕೊಟ್ಟಿತ್ತಲ್ಲ. ಪೈಪೋಟಿಗೆ ನಿಲ್ಲುವವರನ್ನು ಅಂಗಳದಿಂದ ಓಡಿಸಿ, ಓಡಿಸಬೇಕಾದವರಿಗೇ ಜಾಗ ಬಿಟ್ಟುಕೊಟ್ಟದ್ದನ್ನು ಸ್ವಚ್ಛತೆ ಎಂದು ಕರೆಯಲು ನಾನು ಸಿದ್ಧಳಿಲ್ಲ. ಆದರೂ ವಾರ ಕಳೆದು ನೋಡಿದಾಗ, ಚೂರೆಲೆಗಳ ನಡುವೆ ಅಲ್ಲಲ್ಲಿ ಕಿರಿದಾದ ಜೋಡಿ ಎಲೆಗಳು ಎದುರುಬದುರು ಕೈಚಾಚಿದ್ದವು. ಕೀಳಿಸಿಕೊಳ್ಳುವ ಮೊದಲೇ ತುಂಬೆ ತನ್ನ ಬೀಜವನ್ನು ನೆಲಕ್ಕೆ ಒಪ್ಪಿಸಿತ್ತು. ಸಂಘದ ಅನುಮತಿಗಾಗಿ ಅದು ಕಾದಿರಲಿಲ್ಲ.

ಆದ್ದರಿಂದ ಸಂಘದ ಅಧ್ಯಕ್ಷರಲ್ಲಿಯೂ ಪದಾಧಿಕಾರಿಗಳಲ್ಲಿಯೂ ನನ್ನ ವಿನಂತಿ ಇಷ್ಟು. ಲಕ್ಷಣ ತಿಳಿಯದೆ ಕೀಳಲು ಹೇಳಿದ್ದು ಏಕೆಂಬುದಕ್ಕೆ ಮುಂದಿನ ಸಭೆಯಲ್ಲಿ, ದೊಡ್ಡವ್ವನ ಸಮಕ್ಷಮ, ಉತ್ತರ ಕೊಡಬೇಕು. ಇನ್ನು ಮುಂದೆ ಕಳೆ ಕೀಳಲು ಹೊರಡುವ ಪ್ರತಿಯೊಬ್ಬರೂ ಕೈಗವಸು ತೊಡುವ ಮೊದಲು ಬರಿಗೈಯಲ್ಲಿ ತುಂಬೆಯ ದಂಟನ್ನು ಹೊರಳಿಸಿ ನೋಡಿರಬೇಕು. ಈಗೆದ್ದಿರುವ ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ತುಂಬೆಯ ಸಸಿಗಳಿಗೆ ನೋವಾಗದಂತೆ, ಬಿಡಿಬಿಡಿಯಾಗಿ ಕೀಳಬೇಕು. ಆ ಕೆಲಸಕ್ಕೆ ನಾನೂ ಬರುತ್ತೇನೆ, ಫೋಟೊಗೂ ನಿಲ್ಲುತ್ತೇನೆ. ಕ್ರಮ ಕೈಗೊಂಡ ಬಗ್ಗೆ ಲಿಖಿತ ವರದಿ ಬೇಡ. ಮುಂದಿನ ಕಾರ್ತೀಕದ ಸೋಮವಾರ ದೊಡ್ಡವ್ವ ಬಾಗಿಲು ತೆರೆದು ನೋಡುತ್ತಾಳೆ. ನಿಮ್ಮ ಉತ್ತರ ಬೆಳ್ಳಗೆ ಅರಳಿದ್ದರೆ ಆಕೆ ಓದಿಕೊಳ್ಳುತ್ತಾಳೆ.