ಇನ್ನಾಸಪ್ಪನ ಒಂದು ಗಂಟೆ

ಎದೆಗವಚಿಕೊಂಡ ಡಬ್ಬಿಯಲ್ಲಿ ಪರಮಪ್ರಸಾದವಿದ್ದರೆ ಲೂರ್ದಮ್ಮ ಬಾಯಿ ಬಿಡುವವಳಲ್ಲ. ಗುಂಡ್ಲುಪೇಟೆಯ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ, ಹಾಸಿಗೆ ಹಿಡಿದವರ ಮನೆಗೆ ಯೇಸುವಿನ ಶರೀರವೆಂದೇ ನಂಬುವ ಆ ರೊಟ್ಟಿಯನ್ನು ಒಯ್ಯುವ ಕೆಲಸವನ್ನು ಫಾದರ್ ಅವಳಿಗೆ ವಹಿಸಿ ಆರು ವರ್ಷವಾಯಿತು. ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ವಾರ್ಡೇ ಎದ್ದು ಹೋಗುವಂತೆ ಹರಟುತ್ತಿದ್ದ ಹೆಂಗಸು, ಈಗ ಬಸ್ಸಿನಲ್ಲಿ ಯಾರು ಮಾತಾಡಿಸಿದರೂ ತಲೆಯಾಡಿಸುತ್ತಾಳೆ, ಅಷ್ಟೇ. ಪಕ್ಕದ ಮನೆಯ ಸುಧಾಮಣಿಯಂತೂ ಇವಳಿಗೆ ಕೊಬ್ಬು ಬಂದಿದೆ ಎಂದು ಊರೆಲ್ಲ ಸಾರಿದ್ದಾಳೆ.

ಆ ಭಾನುವಾರ ಬೇಗೂರಿಗೆ ಹೊರಟ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಬ್ಯಾಗಿನಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ಎತ್ತಲಿಲ್ಲ. ಪ್ರಸಾದ ಹೊತ್ತವರು ಫೋನ್ ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ಅದು ಅವಳೇ ಹಾಕಿಕೊಂಡ ಕಟ್ಟು. ಕೂತಲ್ಲಿ ಕೂರಲಾರದೆ ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಕಡೆಗೆ ಇನ್ನೊಂದು ಬಸ್ಸು ಹಿಡಿದು ಅಲ್ಲಿನ ರೋಗಿ ಇನ್ನಾಸಪ್ಪನ ಮನೆ ತಲುಪಿದಾಗ ಹನ್ನೊಂದು ದಾಟಿತ್ತು.

ಸೊಸೆ ಬಾಗಿಲಲ್ಲೇ ಅಳುತ್ತ ನಿಂತಿದ್ದಳು. ಮಾವ ಬೆಳಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡವರು, ಪ್ರಸಾದಕ್ಕೆ ಮುಂಚೆ ತೊಟ್ಟು ನೀರೂ ಮುಟ್ಟೆನೆಂದು ಕೂತಿದ್ದಾರೆ, ಎಷ್ಟು ಸಲ ಫೋನ್ ಮಾಡಿದರೂ ನೀವು ಎತ್ತಲಿಲ್ಲ ಎಂದಳು. ಎಂಬತ್ತರ ಮುದುಕ ಬೆವರಿನಲ್ಲಿ ತೊಯ್ದು, ನಡುಗುತ್ತ, ಕಣ್ಣು ತೇಲಿಸುತ್ತಿದ್ದ. ಲೂರ್ದಮ್ಮ ಪಕ್ಕದಲ್ಲಿ ಕೂತು ಅವನ ನಾಡಿ ಹಿಡಿದಳು. ಅವನದು ಹಟ, ಸರಿ, ಫೋನ್ ಎತ್ತದ ತನ್ನದೇನು?

ಪ್ರಸಾದಕ್ಕೆ ಮುಂಚೆ ಒಂದು ಗಂಟೆ ಉಪವಾಸವಿರಬೇಕೆಂಬ ಕಟ್ಟು ಕಾಯಿಲೆಯವರಿಗಿಲ್ಲವೆಂದರೆ ಮುದುಕ ಹಲ್ಲು ಕಚ್ಚಿದ. ಅವಳು ದವಡೆ ಹಿಡಿದು ಚಮಚ ಚಮಚವಾಗಿ ಸಕ್ಕರೆ ನೀರು ಕುಡಿಸಿಯೇ ಬಿಟ್ಟಳು. ಜೀವ ಬಂತು. ಹೇಗೂ ಉಪವಾಸ ಕೆಟ್ಟಿತಲ್ಲ ಎಂದು ಅಳುತ್ತಲೇ ಎರಡು ಇಡ್ಲಿಯನ್ನೂ ತಿಂದ.

“ಕೆಡಿಸ್ಬುಟ್ಟಲ್ಲವ್ವಾ. ಇನ್ನ ಒಂದ್ಗಂಟೆ ಆಗೋಗಂಟ ನಾನು ಬಾಯ್ ತೆಗೆಯಕಿಲ್ಲ ಕಣ,” ಎಂದ.

ಸರಿ, ಕೂತಳು. ಇನ್ನೂ ಇಬ್ಬರು ರೋಗಿಗಳು ಕಾಯುತ್ತಿದ್ದರು, ಒಳಗೊಳಗೇ ಕುದಿಯುತ್ತಿದ್ದಳು. ಗೋಡೆಯ ಗಡಿಯಾರ ಅವಳಿಗೆ ಕಾಣುತ್ತಿತ್ತು, ಪೊರೆ ಬಂದ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ. ಕಾಲು ಗಂಟೆಗೆ ಆಯಿತೇ ಎಂದು ಕೇಳಿದ. ಇಲ್ಲವೆಂದಳು. ನಲವತ್ತು ನಿಮಿಷಕ್ಕೆ ಮತ್ತೆ ಕೇಳಿದ. ಈ ಸಲ ದನಿ ಹಸಿದ ಮಗುವಿನದು. ಅವಳು ಗಡಿಯಾರ ನೋಡಿದಳು. ಇಷ್ಟು ಹಂಬಲಿಸುವವನನ್ನು ಕಾಯಿಸಲು ತಾನಾದರೂ ಯಾರು?

“ಆಯ್ತು ಕಣಣ್ಣ,” ಎಂದಳು.

ಪ್ರಸಾದ ಎದೆಯ ಮೇಲಿದ್ದಾಗ ಲೂರ್ದಮ್ಮ ಸುಳ್ಳು ಹೇಳಿದ್ದು ಅದೇ ಮೊದಲು. ಇನ್ನಾಸಪ್ಪ ಬಾಯಿ ತೆರೆದ.