ಅಕ್ಕ ಮಾಡಿದ ಬಾಣಂತನ

ಹೊಕ್ಕುಳಿನ ಮೇಲೆ ನಿಂಬೆಹಣ್ಣಿನಷ್ಟು ದಪ್ಪದ ಗಂಟೊಂದು ಎದ್ದಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಅದನ್ನು ಸೀರೆಯ ನೆರಿಗೆಯಡಿ ಮುಚ್ಚಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿದ್ದೆ. ಆಮೇಲಾಮೇಲೆ ಒಳಗೆ ಹೋಗುವುದಕ್ಕೆ ಸತಾಯಿಸತೊಡಗಿತು. ಕೆಂಗೇರಿಯಲ್ಲಿ ಮಗನ ಮನೆಯಲ್ಲಿದ್ದ ಅಕ್ಕನಿಗೆ ಫೋನಿನಲ್ಲಿ ಬಾಯಿತಪ್ಪಿ ಹೇಳಿಬಿಟ್ಟೆ. ಮಾರನೆಯ ದಿನವೇ ಬಸ್ಸು ಹತ್ತಿ ಬಸವೇಶ್ವರನಗರಕ್ಕೆ ಬಂದು, ಚೆನ್ನಾಗಿ ಬೈದು, ನನ್ನನ್ನು ರಾಜಾಜಿನಗರದ ನರ್ಸಿಂಗ್ ಹೋಮಿಗೆ ಎಳೆದುಕೊಂಡು ಹೋದಳು. ಗಂಡ ತೀರಿಕೊಂಡ ಮೇಲೆ ನನ್ನನ್ನು ಬೈಯುವವರು ಉಳಿದಿದ್ದದ್ದು ಅವಳೊಬ್ಬಳೇ.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಹರ್ನಿಯಾ, ಗಾಬರಿಯೇನಿಲ್ಲ, ಹೊಟ್ಟೆ ಕುಯ್ಯುವುದಿಲ್ಲ, ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು ಒಳಗೊಂದು ಬಲೆ ಕೂರಿಸುತ್ತೇವೆ ಎಂದರು. ಆಮೇಲೆ ಬರೆದುಕೊಳ್ಳುತ್ತಾ ಕೇಳಿದರು.

"ಹೆರಿಗೆ ಎಷ್ಟಾಗಿದೆ ಅಮ್ಮ?"

"ಒಂದು" ಎಂದೆ.

"ಮಕ್ಕಳು ಜೊತೇಲಿದಾರಾ?"

"ಮಕ್ಕಳಿಲ್ಲ."

ಅವರು ತಲೆಯೆತ್ತದೆ ಬಿಪಿ, ಶುಗರ್ ಬಗ್ಗೆ ಕೇಳಿದರು. ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಮನೆಗೆ ಬರುವವರೆಗೂ ಆಟೋದಲ್ಲಿ ನನ್ನ ಕೈ ಹಿಡಿದುಕೊಂಡೇ ಇದ್ದಳು. ಅವಳು ಕೈ ಹಿಡಿದು ಕೂರುವ ಜಾತಿಯವಳಲ್ಲ.

ನಾವಿಬ್ಬರೂ ಒಂದೇ ಕಾಲಕ್ಕೆ ಬಸುರಾಗಿದ್ದೆವು. ತವರಿನಲ್ಲಿ ಅವಳಿಗೆ ಗಂಡುಮಗು ಹುಟ್ಟಿ ವಾರವೂ ಆಗಿರಲಿಲ್ಲ, ನನಗೆ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ನನ್ನ ಮಗು ಅಳಲೇ ಇಲ್ಲ. ಮಗು ಕಳೆದುಕೊಂಡವಳು ಹಸುಗೂಸಿರುವ ಮನೆಗೆ ಕಾಲಿಡಬಾರದು ಎಂದು ಹಿರಿಯರು ಹೇಳಿದರು. ಅಮ್ಮ ಅಕ್ಕನ ಬಾಣಂತನದಲ್ಲಿದ್ದಳು, ನಾನು ಆಸ್ಪತ್ರೆಯಿಂದ ಸೀದಾ ಗಂಡನ ಮನೆಗೆ ಹೋದೆ. ಮಗುವೇ ಇಲ್ಲದವಳಿಗೆ ಎಲ್ಲಿಯ ಬಾಣಂತನ? ಮೈಗೆ ಮಾತ್ರ ಅದು ಗೊತ್ತಾಗಲಿಲ್ಲ. ಹಾಲು ಬಂತು. ಹಳೆಯ ಸೀರೆ ಹರಿದು ಎದೆಗೆ ನಾನೇ ಬಿಗಿದುಕೊಂಡೆ. ಮತ್ತೆ ಬಸುರಾಗಲಿಲ್ಲ. ಬರಬರುತ್ತಾ ಎಲ್ಲರೂ ನನ್ನನ್ನು ಹೆರದವಳ ಲೆಕ್ಕಕ್ಕೆ ಸೇರಿಸಿದರು, ನಾನೂ ತಿದ್ದಲಿಲ್ಲ.

ಆಪರೇಷನ್ ಆದ ಮಾರನೆಯ ದಿನವೇ ಮನೆಗೆ ಕಳಿಸಿದರು. ಹೊಟ್ಟೆಗಿಂತ ಭುಜ ಹೆಚ್ಚು ನೋಯುತ್ತಿತ್ತು. ಹೊಟ್ಟೆಗೆ ಗಾಳಿ ತುಂಬಿರುತ್ತಾರಂತೆ, ಅದು ಹೋಗುವವರೆಗೂ ಹಾಗೇ ಅಂತೆ. ಹೊಕ್ಕುಳಿನ ಸುತ್ತ ಚರ್ಮ ಜೋಮು ಹಿಡಿದಿತ್ತು, ಬೆರಳಿಟ್ಟರೆ ಬೇರೆ ಯಾರದೋ ಹೊಟ್ಟೆ ಮುಟ್ಟಿದ ಹಾಗಿತ್ತು. ಮನಸ್ಸೂ ಹಾಗೇ ಇತ್ತು. ಬದುಕಿದೆ ಅಂತ ಖುಷಿಯೂ ಇಲ್ಲ, ಬೇಜಾರೂ ಇಲ್ಲ. ಫ್ಯಾನು ನೋಡುತ್ತಾ ಮಲಗಿರುತ್ತಿದ್ದೆ.

ನೋಡಿಕೊಳ್ಳಲು ಅಕ್ಕ ಬಂದು ನಿಂತಳು. ಚೀಲದ ತುಂಬ ಬೆಳ್ಳುಳ್ಳಿ, ಮೆಣಸು, ಸಾಂಬ್ರಾಣಿ, ಹಳೆಯ ಮೆತ್ತನೆ ಸೀರೆಗಳು. ಡಾಕ್ಟರು ಕೊಟ್ಟ ಬೆಲ್ಟನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಇದರಲ್ಲೇನು ಹಿಡಿತ ಇರತ್ತೆ?" ಎಂದು ಅದರ ಮೇಲೊಂದು ಸೀರೆ ಸುತ್ತಿದಳು. ನೆತ್ತಿ ಸುಡುವ ಬೇಸಿಗೆಯಲ್ಲಿ ಕಿವಿಗೆ ಹತ್ತಿ ತುರುಕಿ ತಲೆಗೆ ಬಟ್ಟೆ ಕಟ್ಟಿದಳು. ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಮೆಣಸಿನ ಸಾರು, ಊಟವಾದ ಮೇಲೆ ವೀಳ್ಯದೆಲೆ. ಗಾಯಕ್ಕೆ ನೀರು ತಾಕಬಾರದು ಎಂದಿದ್ದರಿಂದ ಎರೆಯುವ ಕಾಟದಿಂದ ಬಚಾವಾದೆ. ಸಾಂಬ್ರಾಣಿ ಹೊಗೆಗೆ ಮಾತ್ರ ಕೆಮ್ಮು ಬಂದು ಪ್ರಾಣವೇ ಹೋದಂತಾಯಿತು, ಬಾಯಿಗೆ ಬಂದಂತೆ ಬೈದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಸೊಸೆಗೆ, ಮಗಳಿಗೆ ಮಾಡಿ ಮಾಡಿ ಅಭ್ಯಾಸವಾದ ಕೈ, ಹೊಟ್ಟೆಯ ಗಾಯಕ್ಕೆ ಇವಳಿಗೆ ಗೊತ್ತಿರುವ ಆರೈಕೆ ಇದೊಂದೇ ಅಂದುಕೊಂಡು ಸುಮ್ಮನಾದೆ.

ಮಹಡಿ ಮನೆಯ ಹೆಂಗಸು ಎಳನೀರು ಹಿಡಿದು ನೋಡಲು ಬಂದಳು. ಅಕ್ಕ ನನಗೆ ಊಟಕ್ಕೆ ಬಡಿಸುತ್ತಿದ್ದಳು. ತಟ್ಟೆ ನೋಡಿ ಆ ಹೆಂಗಸಿಗೆ ನಗು ತಡೆಯಲಾಗಲಿಲ್ಲ.

"ಏನ್ ಆಂಟಿ, ಸಬ್ಬಸಿಗೆ ಸೊಪ್ಪಿನ ಪಲ್ಯ! ಬಾಣಂತಿಗೆ ಹಾಲು ಬರ್ಲಿ ಅಂತ ಅಲ್ವಾ ಇದನ್ನ ಕೊಡೋದು?"

ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ. "ಹೂಂನಮ್ಮ, ಬಾಣಂತಿಗೇ ಮಾಡಿರೋದು" ಎಂದಳು. ಆ ಹೆಂಗಸು ನನ್ನ ಮುಖ ನೋಡಿ, ಅವಳ ಮುಖ ನೋಡಿ, ಒಲೆ ಮೇಲೆ ಏನೋ ಇಟ್ಟಿದೀನಿ ಎಂದು ಹೊರಟುಹೋದಳು.

"ಏನೇ ಅಕ್ಕ ಇದು? ನನ್ನ ವಯಸ್ಸೇನು, ಜನ ಏನಂದ್ಕೋತಾರೆ?"

"ಅಂದ್ಕೊಳ್ಳಲಿ ಬಿಡು. ನೀನು ಡಾಕ್ಟ್ರ ಹತ್ರ ಹೆರಿಗೆ ಒಂದು ಅಂದ್ಯಲ್ಲ, ಅವತ್ತಿಂದ ಅನ್ನ ಇಳೀತಿಲ್ಲ ನಂಗೆ. ಅಮ್ಮ ನಂಗೆ ಬಿಸಿನೀರು ಹುಯ್ತಿದ್ಲು, ನಾನು ಹುಯ್ಸ್ಕೋತಿದ್ದೆ. ನೀನೂ ಹೆತ್ತಿದೀಯ, ನಿಂಗೂ ಬಾಣಂತನ ಆಗ್ಬೇಕು ಅಂತ ಹೊಳೀಲೇ ಇಲ್ಲ ಕಣೇ."

ನನಗೆ ಅಳು ಬರಬೇಕಾಗಿತ್ತು. ಬರಲಿಲ್ಲ. ಸಿಟ್ಟು ಬಂತು, ಅದೂ ಅರ್ಧದಲ್ಲೇ ನಿಂತಿತು. ಇಷ್ಟು ತಡವಾಗಿ ಯಾರ ಮೇಲೆ ಸಿಟ್ಟು ಮಾಡುವುದು? ತಟ್ಟೆಯಲ್ಲಿದ್ದುದನ್ನು ಉಂಡು ಮುಗಿಸಿದೆ.

ಕೈ ತೊಳೆದುಕೊಂಡು ಬಂದಾಗ ಅಕ್ಕ ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂರಿಸಿಕೊಂಡು, ಜಾರಿದ್ದ ತಲೆಬಟ್ಟೆಯನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಬೆನ್ನ ಹಿಂದಿನಿಂದ ಅವಳ ದನಿ ಬಂತು.

"ನಾನು ಬಾಣಂತಿ ಅಂತ ಆಗ ಯಾರೂ ನಂಗೆ ನಿನ್ನ ಮಗು ವಿಷ್ಯ ಬಿಡಿಸಿ ಹೇಳ್ಲಿಲ್ಲ. ಆಮೇಲೆ ನಿನ್ನ ಕೇಳಕ್ಕೆ ಧೈರ್ಯ ಬರ್ಲಿಲ್ಲ. ಗಂಡಾ, ಹೆಣ್ಣಾ ಕಣೇ?"

ಅಷ್ಟು ವರ್ಷದಲ್ಲಿ ಇದನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಗೊತ್ತಿದ್ದ ನನ್ನ ಗಂಡನೂ ಆ ಮಾತು ಎತ್ತಿರಲಿಲ್ಲ.

"ಹೆಣ್ಣು" ಎಂದೆ. "ತಲೆ ತುಂಬ ಕೂದ್ಲಿತ್ತು ಕಣೇ ಅಕ್ಕ."