ಉತ್ತರದ ಗೋಡೆಯ ಮಂಚ

೧೯೪೬ರ ಬೇಸಿಗೆಯಲ್ಲಿ, ಕಾಲು ಮುರಿದುಕೊಂಡು, ಹೊಸಕೋಟೆಯ ಆಸ್ಪತ್ರೆಯೊಂದರಲ್ಲಿ ಆರು ವಾರ ಮಲಗಿದ್ದೆ. ಮೊನ್ನೆ ಅದೇ ಪೇಟೆಯ ಅಂಗಡಿಯಲ್ಲಿ ಫಿನೈಲ್ ಬಾಟಲಿ ಒಡೆದು ವಾಸನೆ ಎದ್ದಾಗ ಆ ವಾರ್ಡು ನೆನಪಾಯಿತು. ಜೊತೆಗೆ ವಿಚಾರಿಸೋ ಅಮ್ಮ...

ರೋಗಿಗಳು ಅವರನ್ನು ಹಾಗೆ ಕರೆಯುತ್ತಿದ್ದರು. ಪೇಟೆಯ ಮುಸ್ಲಿಂ ಮನೆತನದವರು, ಐವತ್ತರ ಆಸುಪಾಸಿನ ವಿಧವೆ. ಔಷಧಿ ಕೊಡುವುದು ಅವರ ಕೆಲಸವಲ್ಲ. ಊಟ ಸೇರುತ್ತಿದೆಯೇ, ಮನೆಗೆ ಕಾಗದ ಬರೆಯಬೇಕೇ, ಅಲ್ಲಿ ಹಸು ಕರೆಯಲು ಯಾರಿದ್ದಾರೆ ಎಂದು ಮಂಚದಿಂದ ಮಂಚಕ್ಕೆ ಕೇಳುತ್ತಾ ಬರುವುದಕ್ಕೇ ಆಸ್ಪತ್ರೆಯವರು ಅವರನ್ನು ಇಟ್ಟುಕೊಂಡಿದ್ದರು.

ನನ್ನ ಎದುರಿಗೆ, ಉತ್ತರದ ಗೋಡೆಯ ಸಾಲಿನಲ್ಲಿ, ನಂದಗುಡಿಯ ರೈತರೊಬ್ಬರಿದ್ದರು. ನೇಗಿಲ ಗುಳ ತಗುಲಿದ ಪಾದದಲ್ಲಿ ಕೀವು ತುಂಬಿತ್ತು. ನಡುವೆ ಬಿಟ್ಟುಹೋದರೆ ಕಾಲು ಕತ್ತರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾಲ್ಕನೆಯ ಬೆಳಿಗ್ಗೆ ಆತ ರುಮಾಲು ಸುತ್ತಿ, ಗಂಟು ಹಿಡಿದು, ಕುಂಟುತ್ತಾ ಬಾಗಿಲ ಕಡೆ ಹೊರಟರು. ನರ್ಸಮ್ಮ ಗದರಿದರೂ ನಿಲ್ಲಲಿಲ್ಲ.

ವಿಚಾರಿಸೋ ಅಮ್ಮ ತಡೆಯಲಿಲ್ಲ. ಹೋಗುವುದಾದರೆ ಹೋಗಲಿ, ಮೂರು ದಿನದಿಂದ ಕೂತುಕೊಂಡೇ ನಿದ್ದೆ ಮಾಡುತ್ತಿರುವುದೇಕೆ ಎಂದಷ್ಟೇ ಕೇಳಿದರು.

"ಹೆಣ ಮಲಗಿಸ್ದಂಗೆ ಉತ್ತರಕ್ಕೆ ತಲೆ ಮಾಡ್ಸಿದೀರ. ಬದುಕಿರೋನು ಹೆಂಗವ್ವಾ ಮಲಗ್ಲಿ? ತಿರುಗಿ ಮಲಗಿದ್ರೆ ನರ್ಸಮ್ಮ ಎಬ್ಬಿಸ್ತಾರೆ."

ಎಲ್ಲರ ತಲೆಯೂ ಗೋಡೆಗಿರಬೇಕು, ಅದು ವಾರ್ಡಿನ ಕ್ರಮ. ಪಾದ ಗೋಡೆಯ ಕಡೆ ಹೋದರೆ ಬೆಳಕಿಲ್ಲದೆ ಗಾಯ ತೊಳೆಯುವುದು ಹೇಗೆ ಎಂದು ನರ್ಸಮ್ಮ ಕೇಳಿದರು. ದಿನವೂ ತಾನೇ ಬಂದು ದೀಪ ಹಿಡಿಯುತ್ತೇನೆ ಎಂದು ಅಮ್ಮ ಒಪ್ಪಿಕೊಂಡು, ದಿಂಬನ್ನು ಮಂಚದ ಇನ್ನೊಂದು ತುದಿಗೆ ಹಾಕಿದರು.

"ನಮ್ಮೋರನ್ನ ಮಣ್ಣು ಮಾಡೋದೂ ತಲೆ ಉತ್ತರಕ್ಕಿಟ್ಟೇ ಕಣಪ್ಪಾ. ನಿಂಗೂ ನಂಗೂ ಅದಕ್ಕಿನ್ನೂ ಹೊತ್ತೈತೆ. ಮಲಕ್ಕೋ."

ಆತ ನಕ್ಕಿದ್ದನ್ನು ಅಂದೇ ಮೊದಲು ಕಂಡೆ. ಮಧ್ಯಾಹ್ನದ ಊಟಕ್ಕೂ ಏಳದೆ ಗೊರಕೆ ಹೊಡೆದರು. ತಿಂಗಳ ಮೇಲೆ ಎರಡೂ ಕಾಲಿನಲ್ಲಿ ನಡೆದು ಊರಿಗೆ ಹೋದರು. ಅಲ್ಲಿಯವರೆಗೆ ಬೆಳಿಗ್ಗೆ ದೀಪ ಒಂದು ದಿನವೂ ತಪ್ಪಲಿಲ್ಲ. ಆಮೇಲೆ ಆ ಸಾಲಿಗೆ ಬಂದವರನ್ನು ತಲೆ ಯಾವ ಕಡೆ ಎಂದು ಕೇಳಿಯೇ ಮಲಗಿಸುತ್ತಿದ್ದರು... ನಾನಿದ್ದಷ್ಟು ದಿನವಂತೂ ಹೌದು.

ಮೊನ್ನೆ ಆ ಅಂಗಡಿಯಿಂದ ನೇರವಾಗಿ ವಿಚಾರಿಸೋ ಅಮ್ಮನ ಮನೆ ಹುಡುಕಿ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿದೆ. ಅವರ ತಮ್ಮ ನನ್ನನ್ನು ಖಬರಸ್ತಾನಕ್ಕೆ ಕರೆದೊಯ್ದು ಗೋರಿ ತೋರಿಸಿದರು. ಹೆಸರು ಬರೆಸಿಲ್ಲ. ತಲೆಯ ಕಡೆ ಒಂದು ಕಲ್ಲಿದೆ, ಉತ್ತರದ ತುದಿಯಲ್ಲಿ.